ಸೀಟಿ ಊದದ ಗೋಲು

2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಕೇರಳ ಬ್ಲಾಸ್ಟರ್ಸ್ ತಂಡವನ್ನು 1-0ರಿಂದ ಸೋಲಿಸಿತು. ಲೆಕ್ಕಕ್ಕೆ ಇಷ್ಟೇ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ನಾಕೌಟ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಕೇರಳದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಇನ್ನೂ ಆಟಗಾರರ ಗೋಡೆ ಸರಿಪಡಿಸುತ್ತಿದ್ದಾಗಲೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀಕಿಕ್ ಒದ್ದರು, ಚೆಂಡು ಬಲೆಯಲ್ಲಿತ್ತು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಕರೆದುಕೊಂಡು ಮೈದಾನದಿಂದ ಹೊರಟೇಬಿಟ್ಟರು.

ಯಶವಂತಪುರ ದಾಟಿದರೆ ಸಿಗುವ ಜಾಲಹಳ್ಳಿಯಲ್ಲಿ ಈ ಪಂದ್ಯದ ವಾದ ಸುಲಭಕ್ಕೆ ತಣ್ಣಗಾಗುವಂಥದ್ದಲ್ಲ. 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದ ಮೇಲೆ ಕೆಲಸ ಹಿಡಿದು ಇಲ್ಲೇ ಬೇರೂರಿದ ಮಲಯಾಳಿ ಕುಟುಂಬಗಳು ಎಷ್ಟೋ. ಊರು ಬೆಂಗಳೂರು, ಜೆರ್ಸಿ ಮಾತ್ರ ಕೇರಳದ ಹಳದಿ!

ಅಂದು ಕೇರಳದವರಿಗೆ ಅದು ಶುದ್ಧ ಮೋಸ. ಬೆಂಗಳೂರಿನ ನೀಲಿ ಪಡೆಗೆ ಚೆಟ್ರಿಯ ಚಾಣಾಕ್ಷತನ. ಈಗ ಆ ತುಣುಕನ್ನು ನಿಧಾನಕ್ಕೆ ಓಡಿಸಿ ನೋಡಿದರೆ ಕಣ್ಣು ನಿಲ್ಲುವುದು ಚೆಟ್ರಿಯ ಮೇಲಲ್ಲ, ಚೆಂಡಿನ ಮುಂದೆ ನಿಂತ ಕೇರಳದ ಏಡ್ರಿಯನ್ ಲೂನಾ ಮೇಲೆ. ಅಪಾಯ ಅವರಿಗೆ ಗೊತ್ತಿತ್ತು. ಚೆಟ್ರಿಯೇ ಆಮೇಲೆ ಹೇಳಿದ ಪ್ರಕಾರ, ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ಚೆಟ್ರಿ ರೆಫರಿಗೆ ತಿಳಿಸಿದ್ದರು. ಲೂನಾ ಅದನ್ನು ಕೇಳಿಸಿಕೊಂಡು ಮೊದಲ ಯತ್ನಕ್ಕೆ ಅಡ್ಡಬಂದರು. ಆಮೇಲೆ ಲೂನಾ ತಿರುಗಿದರು. ಅಷ್ಟೇ ಸಾಕಾಯಿತು.

ನಿಯಮ ಚೆಟ್ರಿಯ ಪರವಾಗಿಯೇ ಇದೆ. ಎದುರಾಳಿಗಳು 9.15 ಮೀಟರ್ ದೂರ ಸರಿಯಲಿ ಎಂದು ಒದೆಯುವವರು ಕೇಳಿದರೆ ಸೀಟಿಗೆ ಕಾಯಬೇಕು. ಕೇಳದಿದ್ದರೆ ಥಟ್ಟನೆ ಒದೆಯಬಹುದು. 2004ರ ಡಿಸೆಂಬರಿನಲ್ಲಿ ಆರ್ಸೆನಲ್‌ನ ಥಿಯರಿ ಆನ್ರಿ ಚೆಲ್ಸಿ ವಿರುದ್ಧ ಹೊಡೆದದ್ದೂ ಇಂಥದೇ ಗೋಲು. ಅಲ್ಲೂ ಗೋಲ್‌ಕೀಪರ್ ಪೀಟರ್ ಚೆಕ್ ಗೋಡೆ ಜೋಡಿಸುವುದರಲ್ಲಿ ಮುಳುಗಿದ್ದರು. ಆದರೆ ಕಂಠೀರವದಲ್ಲಿ ಫೌಲ್ ಆಗಿ ಸಾಕಷ್ಟು ಹೊತ್ತಾಗಿತ್ತು. ‘ಥಟ್ಟನೆ’ ಎನ್ನುವ ಮಾತು ಅಲ್ಲಿಗೆ ಅಷ್ಟು ಒಗ್ಗುವುದಿಲ್ಲ. ಇಡೀ ಗೆಲುವು ನಿಂತಿರುವುದು ರೆಫರಿ ಮತ್ತು ಚೆಟ್ರಿ ಆಡಿಕೊಂಡ ಮಾತಿನ ಮೇಲೆ. ವಿಡಿಯೊವನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಆ ಮಾತು ಕೇಳಿಸದು. ಗೆಲುವು ಸಕ್ರಮವೇ, ಆದರೆ ಅಭಿಮಾನಿಗಳು ಹೇಳಿಕೊಳ್ಳುವಷ್ಟು ನಿಚ್ಚಳವಲ್ಲ.

ಕೇರಳದ ದೂರು ತಿರಸ್ಕೃತವಾಯಿತು. ಮೈದಾನ ಬಿಟ್ಟು ಹೋದದ್ದಕ್ಕೆ ಭಾರತೀಯ ಫುಟ್‌ಬಾಲ್ ಫೆಡರೇಷನ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ. 2012ರಲ್ಲಿ ಕೋಲ್ಕತ್ತ ಡರ್ಬಿಯ ದ್ವಿತೀಯಾರ್ಧ ಆಡಲು ಒಪ್ಪದ ಮೋಹನ್ ಬಾಗಾನ್ ಕೂಡ ಕೊನೆಗೆ 2 ಕೋಟಿ ತೆತ್ತಿತ್ತು.

ಬೆಂಗಳೂರು ಮುಂದೆ ಮುಂಬೈ ಸಿಟಿಯನ್ನೂ ದಾಟಿ ಫೈನಲ್ ತಲುಪಿತು. ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2-2ರ ಸಮಬಲದ ಬಳಿಕ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಆ ರಾತ್ರಿ ರೆಫರಿಯ ತೀರ್ಮಾನಗಳ ಬಗ್ಗೆ ಬೇಸರಪಟ್ಟು, ಐಎಸ್‌ಎಲ್‌ಗೆ ವಿಡಿಯೊ ರೆಫರಿ ವ್ಯವಸ್ಥೆ ಬೇಕೇ ಬೇಕು ಎಂದು ದನಿಯೆತ್ತಿದವರು ಬೆಂಗಳೂರು ಎಫ್‌ಸಿಯ ಮಾಲೀಕ ಪಾರ್ಥ್ ಜಿಂದಾಲ್.