ಮೈಲಿ ಯಾರಪ್ಪನ ಮನೆ ಗಂಟು?

"ಅಣ್ಣಾ, ಇನ್ಮೇಲೆ ಎರಡು ತಿಂಗಳಿಗೊಮ್ಮೆ ಚಿಕಾಗೋಗೆ ಹೋಗ್ಬೇಕಂತೆ. ಯಾವ ಮೈಲೇಜ್ ಪ್ರೋಗ್ರಾಂ ಸೇರ್ಲಿ?"

ಫ್ರಾಂಕ್‌ಫರ್ಟಿನ ನಮ್ಮ ಆಫೀಸಿಗೆ ಹೊಸದಾಗಿ ಬಂದ ದಾವಣಗೆರೆ ಹುಡುಗ ಕೇಳಿದ. ಒಂದು ಸಾಲಿನ ಉತ್ತರ ಕೊಟ್ಟು ಕಳಿಸಬಹುದಿತ್ತು. ಆದರೆ ಈ ಮೈಲಿಗಳ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದವನು. ಪೆಟ್ಟು ಬಿದ್ದ ಮೇಲೆ ಇವು ಎಲ್ಲಿಂದ ಬಂದವು, ಯಾರ ಸ್ವತ್ತು ಅಂತ ಕೆದಕುತ್ತಾ ಹೋದೆ. ಮೊದಲು ಆ ಕಥೆ, ಆಮೇಲೆ ನನ್ನದು.

1978ರವರೆಗೆ ಅಮೆರಿಕದೊಳಗಿನ ವಿಮಾನ ಟಿಕೆಟ್ ದರವನ್ನು ಸರ್ಕಾರದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ನಿಯಂತ್ರಿಸುತ್ತಿತ್ತು. ದರದಲ್ಲಿ ಪೈಪೋಟಿ ಇಲ್ಲ ಅಂದಮೇಲೆ ಕಂಪನಿಗಳು ಊಟ, ಉಪಚಾರದಲ್ಲಿ ಪೈಪೋಟಿ ಮಾಡುತ್ತಿದ್ದವು. 70ರ ದಶಕದ ಆರಂಭದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಜಂಬೋ ವಿಮಾನದೊಳಗೆ ಪಿಯಾನೋ ಇಟ್ಟು ಬಾರ್ ನಡೆಸಿತ್ತು! 1978ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಸರ್ಕಾರದ ಹಿಡಿತ ಸಡಿಲಿಸಿತು. ಕಡಿಮೆ ದರ ಹಿಡಿದುಕೊಂಡು ಹೊಸ ಕಂಪನಿಗಳು ಬಂದವು. ಗಿರಾಕಿಗೆ ಇವತ್ತು ಇವರು, ನಾಳೆ ಅವರು. ಈ ಕಾಯ್ದೆಯನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಗಿರಾಕಿಯನ್ನು ಕಟ್ಟಿಹಾಕೋದು ಹೇಗೆ? ಅಮೆರಿಕನ್ ಬಳಿ ಸೇಬರ್ ಅನ್ನೋ ಕಂಪ್ಯೂಟರ್ ಬುಕಿಂಗ್ ವ್ಯವಸ್ಥೆ ಇತ್ತು. ಯಾವ ಫೋನ್ ನಂಬರ್ ಮತ್ತೆ ಮತ್ತೆ ಬರುತ್ತಿದೆ ಅಂತ ಅದರಲ್ಲಿ ಹುಡುಕಿ, ಪದೇ ಪದೇ ಹಾರುವವರ ಪಟ್ಟಿ ಮಾಡಿದರು. 1981ರ ಮೇ 1ರಂದು ಅಡ್ವಾಂಟೇಜ್ ಯೋಜನೆ ಶುರುವಾಯಿತು: ಹಾರಿದ ಮೈಲಿ ಲೆಕ್ಕ ಇಡ್ತೀವಿ, ಸಾಕಷ್ಟು ಆದರೆ ಟಿಕೆಟ್ ಪುಕ್ಕಟೆ. ಒಂದು ವಾರದೊಳಗೆ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಘೋಷಿಸಿತು. ಉಳಿದವರೂ ಹಿಂದೆ ಬಿದ್ದರು.

ಇದರ ಜಾಣತನ ಎಲ್ಲಿದೆ ನೋಡಿ. ಟಿಕೆಟ್ಟಿಗೆ ದುಡ್ಡು ಕೊಡೋದು ಆಫೀಸು, ಮೈಲಿ ಬರೋದು ನೌಕರನ ಜೇಬಿಗೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ನೂರು ಡಾಲರ್ ಉಳಿಸಿ ಬೇರೆ ವಿಮಾನ ಹತ್ತಿದರೆ ಲಾಭ ಕಂಪನಿಗೆ, ನಷ್ಟ ನನಗೆ. ಹೀಗಿರುವಾಗ ಯಾರು ಹತ್ತುತ್ತಾರೆ?

1988ರಲ್ಲಿ ಪೈಪೋಟಿ ಹುಚ್ಚಿಗೆ ತಿರುಗಿ ಮೂರು ಪಟ್ಟು ಮೈಲಿ ಹಂಚಿದರು. ಹಂಚಿದ್ದನ್ನೆಲ್ಲ ಒಂದಲ್ಲ ಒಂದು ದಿನ ಸೀಟಿನ ರೂಪದಲ್ಲಿ ವಾಪಸ್ ಕೊಡಬೇಕಲ್ಲ! ಅದೇ ವರ್ಷ ಅಮೆರಿಕನ್ ಹೊಸ ನಿಯಮ ಘೋಷಿಸಿತು: ಪುಕ್ಕಟೆ ಸೀಟಿಗೆ ಮಿತಿ, ಕೆಲವು ದಿನಗಳಲ್ಲಿ ಸೀಟೇ ಇಲ್ಲ. ಈಗಾಗಲೇ ಗಳಿಸಿಟ್ಟ ಮೈಲಿಗೂ ಇದು ಅನ್ವಯ. ಸದಸ್ಯರು ಕೋರ್ಟಿಗೆ ಹೋದರು. 1995ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯಗಳ ಗ್ರಾಹಕ ರಕ್ಷಣಾ ಕಾನೂನು ಇಲ್ಲಿ ನಡೆಯಲ್ಲ, ಒಪ್ಪಂದ ಮುರಿದಿದ್ದಾರೆ ಅಂತ ಮಾತ್ರ ದಾವೆ ಹೂಡಬಹುದು ಎಂದಿತು. ಕಾರಣ? ಕಾರ್ಟರ್ ಸಹಿ ಹಾಕಿದ ಅದೇ 1978ರ ಕಾಯ್ದೆ. ಒಪ್ಪಂದ ಬರೆಯೋರು ಯಾರು? ವಿಮಾನ ಕಂಪನಿಯವರೇ. ನಿಯಮ ಬದಲಿಸುವ ಹಕ್ಕು ನಮ್ಮದು ಅಂತ ಅದರಲ್ಲೇ ಬರೆದುಕೊಂಡಿರುತ್ತಾರೆ.

2014ರಲ್ಲಿ ಇನ್ನೊಂದು ಕೇಸು. ಮಿನ್ನೆಸೋಟದ ಯಹೂದಿ ಧರ್ಮಗುರು ಒಬ್ಬರು ಪದೇ ಪದೇ ದೂರು ಕೊಡ್ತಾರೆ ಅಂತ ನಾರ್ತ್‌ವೆಸ್ಟ್ ಕಂಪನಿ ಅವರ ಸದಸ್ಯತ್ವವನ್ನೇ ಕಿತ್ತುಹಾಕಿತ್ತು. ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ ಅನ್ನೋ ಅವರ ವಾದಕ್ಕೂ ಅದೇ ಕಾಯ್ದೆ ಅಡ್ಡ ಬಂತು. ನ್ಯಾಯಾಧೀಶರೆಲ್ಲ ಒಮ್ಮತದಿಂದ ಕಂಪನಿ ಪರ ನಿಂತರು.

ಈ ನಡುವೆ ಮೈಲಿ ಅಟ್ಲಾಂಟಿಕ್ ದಾಟಿತ್ತು. 1996ರಲ್ಲಿ ಅಮೆರಿಕ ಮತ್ತು ಜರ್ಮನಿ ಮುಕ್ತ ವಾಯುಯಾನ ಒಪ್ಪಂದ ಮಾಡಿಕೊಂಡವು. ಯುನೈಟೆಡ್, ಲುಫ್ತಾನ್ಸಾ ಇಬ್ಬರೂ ಕೂಡಿ ದರ ನಿಗದಿ ಮಾಡಲು ಅನುಮತಿ ಸಿಕ್ಕಿತು. 1997ರ ಮೇನಲ್ಲಿ ಇನ್ನೂ ಮೂವರನ್ನು ಸೇರಿಸಿಕೊಂಡು ಸ್ಟಾರ್ ಅಲಯನ್ಸ್ ಹುಟ್ಟಿತು. 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್. ಒಬ್ಬರ ವಿಮಾನ ಹತ್ತಿ ಇನ್ನೊಬ್ಬರ ಖಾತೆಗೆ ಮೈಲಿ ಹಾಕಿಸಿಕೊಳ್ಳಬಹುದು ಅನ್ನೋದು ನಮಗೆ ಸಿಕ್ಕ ಲಾಭ. ಪೈಪೋಟಿ ಕಡಿಮೆಯಾದದ್ದು ಅವರಿಗೆ ಸಿಕ್ಕ ಲಾಭ.

2015ರಲ್ಲಿ ಡೆಲ್ಟಾ, ಯುನೈಟೆಡ್ ಎರಡೂ ದೂರ ಅಳೆಯೋದು ಬಿಟ್ಟು ಟಿಕೆಟ್ ಬೆಲೆಗೆ ತಕ್ಕಂತೆ ಮೈಲಿ ಕೊಡಲು ಶುರು ಮಾಡಿದವು. ಹೆಸರಷ್ಟೇ ಮೈಲಿ ಅಂತ ಉಳಿಯಿತು. ಅಷ್ಟರಲ್ಲಿ ಬ್ಯಾಂಕುಗಳು ಕ್ರೆಡಿಟ್ ಕಾರ್ಡ್ ಗಿರಾಕಿಗಳಿಗೆ ಹಂಚಲು ಇವನ್ನು ರಾಶಿಗಟ್ಟಲೆ ಕೊಳ್ಳುತ್ತಿದ್ದವು. 2020ರಲ್ಲಿ ಕೊರೊನಾ ಬಂದು ವಿಮಾನಗಳು ನೆಲ ಹಿಡಿದಾಗ, ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಅನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ನಮ್ಮ ಮನೆಗಳಲ್ಲಿ ಕಷ್ಟಕ್ಕೆ ಚಿನ್ನ ಅಡವಿಡ್ತಾರಲ್ಲ, ಹಾಗೆ.

ಈಗ ನನ್ನ ಕಥೆ. ಇದಕ್ಕಿಂತ ಮುಂಚೆ ಬೇರೆ ಊರಲ್ಲಿದ್ದೆ, ಬೇರೆ ವಿಮಾನ ಕಂಪನಿ. ಹೆಸರು ಬೇಡ. ಅಮ್ಮನಿಗೆ ಮಂಡಿನೋವು. ಸಾಗರದಿಂದ ಅವರನ್ನು ಒಮ್ಮೆ ಕರೆಸಿಕೊಳ್ಳಬೇಕು, ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿ ಮಲಗಿಕೊಂಡು ಬರಬೇಕು ಅಂತ ನಾಲ್ಕು ವರ್ಷ ಮೈಲಿ ಕೂಡಿಟ್ಟೆ. ನಡುವೆ ಒಂದನ್ನೂ ಖರ್ಚು ಮಾಡಲಿಲ್ಲ. ಬೇಕಾಗಿದ್ದದ್ದು 1,20,000. ಒಂದೇ ಒಂದು ಪ್ರಯಾಣದಷ್ಟು ಬಾಕಿ ಇತ್ತು. ಒಂದು ಬೆಳಿಗ್ಗೆ ಲಾಗಿನ್ ಆದರೆ ಅದೇ ಸೀಟಿಗೆ 1,75,000! ಗ್ರಾಹಕ ಸೇವೆಗೆ ಫೋನ್ ಮಾಡಿದೆ. ನಿಯಮಾವಳಿ ಓದಿ ಸರ್ ಅಂದರು. ಓದಿದೆ. ಅವರು ಹೇಳಿದ್ದೇ ಸರಿ.

ಅಮ್ಮ ಎಕಾನಮಿಯಲ್ಲೇ ಬಂದರು. ಏರ್‌ಪೋರ್ಟಿನಿಂದ ಹೊರಗೆ ಬಂದಾಗ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಹಿಡಿದುಕೊಂಡಿದ್ದರು. "ಏನೂ ಆಗಿಲ್ಲ ಬಿಡೋ" ಅಂದರು.

ಹುಡುಗನಿಗೆ ಇಷ್ಟನ್ನೂ ಹೇಳಿದ ಮೇಲೆ ಉತ್ತರ ಕೊಡೋದು ಸುಲಭವಾಯಿತು. ಫ್ರಾಂಕ್‌ಫರ್ಟ್–ಚಿಕಾಗೋ ದಾರಿಯಲ್ಲಿ ಲುಫ್ತಾನ್ಸಾ, ಯುನೈಟೆಡ್ ಎರಡೂ ನೇರ ಹಾರುತ್ತವೆ, ಎರಡೂ ಸ್ಟಾರ್ ಅಲಯನ್ಸ್. ಹಾಗಾಗಿ ಕೂಟ ತಾನಾಗಿಯೇ ಆಯ್ಕೆಯಾಯಿತು. ಉಳಿದದ್ದು ಮೈಲಿ ಯಾರ ಖಾತೆಗೆ ಅನ್ನೋದು. ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್‌ನಲ್ಲಿ ಸಾಮಾನ್ಯ ಸದಸ್ಯರ ಮೈಲಿಗೆ 36 ತಿಂಗಳ ಆಯಸ್ಸು, ಪುಕ್ಕಟೆ ಟಿಕೆಟ್ಟಿನ ಮೇಲೂ ಸರ್‌ಚಾರ್ಜ್ ಕಟ್ಟಬೇಕು. ಯುನೈಟೆಡ್‌ನಲ್ಲಿ 2019ರಿಂದ ಮೈಲಿ ಸಾಯಲ್ಲ, ಸರ್‌ಚಾರ್ಜ್ ಇಲ್ಲ. ಆದರೆ ದರಪಟ್ಟಿಯೂ ಇಲ್ಲ, ಬೆಲೆ ತರಕಾರಿ ಮಾರ್ಕೆಟ್ಟಿನ ಹಾಗೆ ಏರಿಳಿಯುತ್ತೆ. ಚಿಕಾಗೋದಿಂದ ಅಮೆರಿಕದೊಳಗೇ ಓಡಾಡೋದು ಜಾಸ್ತಿಯಾಗಿ ಲೌಂಜ್ ಬೇಕೇಬೇಕು ಅಂದರೆ ಲುಫ್ತಾನ್ಸಾದ ಗೋಲ್ಡ್ ಒಳ್ಳೇದು. ಯುನೈಟೆಡ್‌ನ ಸ್ವಂತ ಗೋಲ್ಡ್ ಸದಸ್ಯರನ್ನು ಬರೀ ದೇಶದೊಳಗಿನ ಪ್ರಯಾಣಕ್ಕೆ ಅವರ ಲೌಂಜಿಗೇ ಬಿಡಲ್ಲ.

"ನಿನಗೆ ಲೌಂಜ್ ಬೇಕಾ, ಊರಿಗೆ ಟಿಕೆಟ್ ಬೇಕಾ?" ಅಂತ ಕೇಳಿದೆ. "ಊರಿಗೆ" ಅಂದ. ಹಾಗಾದರೆ ನನ್ನ ಹಾಗೆ ಯುನೈಟೆಡ್ ಖಾತೆ ತೆಗಿ, ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಲುಫ್ತಾನ್ಸಾದ ನೇರ ವಿಮಾನಕ್ಕೆ ಅದೇ ಮೈಲಿ ಬಳಸು ಅಂದೆ. ಎರಡನೇ ಮಾತು: ಯಾವುದೇ ಪ್ರೋಗ್ರಾಂ ಇರಲಿ, ಒಂದು ಟಿಕೆಟ್ಟಿಗೆ ಆಗುವಷ್ಟು ಸೇರಿದ ದಿನವೇ ಖರ್ಚು ಮಾಡು. ಬೀಗದ ಕೈ ಇನ್ನೊಬ್ಬರ ಹತ್ತಿರ ಇರೋ ತಿಜೋರಿಯಲ್ಲಿ ಯಾರೂ ಗಂಟು ಇಡಲ್ಲ.

"ನಿಮ್ಮ ಖಾತೆಯಲ್ಲಿ ಈಗ ಎಷ್ಟಿದೆ ಅಣ್ಣಾ?" ಅಂದ. ಮೊಬೈಲ್ ತೆಗೆದು ತೋರಿಸಿದೆ. ಸಾವಿರ ಚಿಲ್ಲರೆ. ಉಳಿದದ್ದೆಲ್ಲ ಹೋದ ತಿಂಗಳು ಬೆಂಗಳೂರಿನಿಂದ ಬಂದ ಒಂದು ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೆ ಖಾಲಿಯಾಗಿತ್ತು. ಈ ಸಲ ಅಮ್ಮ ಚಪ್ಪಲಿ ಹಾಕಿಕೊಂಡೇ ಹೊರಗೆ ಬಂದರು.