ಮನೆಯಿಂದ ಹೊರಬಿದ್ದವರ ಸಭೆ: ತುಳುನಾಡಿನ ಬಾಸೆಲ್ ಮಿಶನ್ ಮತ್ತು ಸಾಂತ್ವನದ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ತುಳುನಾಡಿನಲ್ಲಿ ಪ್ರಾಟೆಸ್ಟೆಂಟ್ ಕ್ರೈಸ್ತ ಮತವನ್ನು ಸ್ವೀಕರಿಸಿದ ವ್ಯಕ್ತಿಯು ದೀಕ್ಷಾಸ್ನಾನದ ದಿನವೇ ತನ್ನ ಮನೆ, ಕುಲ ಮತ್ತು ಕಸುಬುಗಳಿಂದ ಬಹುಮಟ್ಟಿಗೆ ಬೇರೆಯಾಗುತ್ತಿದ್ದನು. ಕೊಂಕಣಿ ಮಾತನಾಡುವ ಕೆಥೋಲಿಕರು ಆ ವೇಳೆಗೆ ಕರಾವಳಿಯಲ್ಲಿ ಹಲವು ತಲೆಮಾರು ಕಳೆದಿದ್ದು, ತಮ್ಮದೇ ಮನೆತನ, ಇಗರ್ಜಿ ಮತ್ತು ನಂಟಸ್ತಿಕೆಗಳನ್ನು ಕಟ್ಟಿಕೊಂಡಿದ್ದರು. ಆದರೆ ಬಾಸೆಲ್ ಮಿಶನ್ನಿನ ಮೂಲಕ ಬಂದ ಹೊಸಬರಿಗೆ ಅಂತಹ ಯಾವ ಹಿನ್ನೆಲೆಯೂ ಇರಲಿಲ್ಲ. ಅವರ ಪಾಲಿಗೆ ಕ್ರೈಸ್ತ ಸಾಂತ್ವನವೆಂಬುದು ಮನಸ್ಸನ್ನು ಸಮಾಧಾನಗೊಳಿಸುವ ಉಪದೇಶವಾಗಿ ಮಾತ್ರ ಉಳಿದಿದ್ದರೆ ಅದು ಬಹುಕಾಲ ಬಾಳುತ್ತಿರಲಿಲ್ಲ. ಅದು ಸೂರು, ಕೂಲಿ, ಹಾಡು ಮತ್ತು ಹೆಣ ಹೊರುವ ಹೆಗಲುಗಳಾಗಿ ರೂಪುಗೊಂಡದ್ದರಿಂದಲೇ ಒಂದು ಸಮುದಾಯವು ಉಳಿದು ಬೆಳೆಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ಮೂವರು ಮಿಶನರಿಗಳಾದ ಸಾಮುವೆಲ್ ಹೆಬಿಕ್, ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಶ್ಚಿಯನ್ ಗ್ರೈನರ್ 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿಳಿದು ಅದೇ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಸಂಸ್ಥೆಯ ಮಿಶನರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಪಯಟಿಸಂ ಪರಂಪರೆಯಲ್ಲಿ, ಅಂದರೆ ಚರ್ಚಿನ ಆಚರಣೆಗಿಂತ ಅಂತರಂಗದ ಪರಿವರ್ತನೆಗೂ ಮನೆಮನೆಗಳಲ್ಲಿ ಸೇರಿ ನಡೆಸುವ ವೇದಪಠನ, ಪ್ರಾರ್ಥನೆಗಳಿಗೂ ಹೆಚ್ಚು ಬೆಲೆ ಕೊಡುವ ಭಕ್ತಿಮಾರ್ಗದಲ್ಲಿ ಬೆಳೆದವರಾಗಿದ್ದರು. ತಮ್ಮ ಪಾಪವನ್ನು ಕಂಡು ನೊಂದು, ಕ್ರಿಸ್ತನ ಶಿಲುಬೆಯಲ್ಲಿ ನೆಮ್ಮದಿ ಪಡೆದವರೆಂದು ತಮ್ಮನ್ನು ತಿಳಿದಿದ್ದ ಇವರು ತುಳುವರಿಗೂ ಅದೇ ನೆಮ್ಮದಿಯನ್ನು ಹೇಳಲು ಬಂದಿದ್ದರೂ, ಇಲ್ಲಿ ಅವರಿಗೆ ಎದುರಾದ ನೋವು ಬೇರೆ ಬಗೆಯದಾಗಿತ್ತು.

ಆ ನೋವಿನ ಮೂಲವು ನಾಡಿನ ಕುಟುಂಬ ವ್ಯವಸ್ಥೆಯಲ್ಲಿತ್ತು. ಬಂಟರು, ಬಿಲ್ಲವರು ಮೊದಲಾದವರಲ್ಲಿ ರೂಢಿಯಲ್ಲಿದ್ದ ಅಳಿಯಸಂತಾನ ಕಟ್ಟಿನಲ್ಲಿ ಮನೆತನವೂ ಆಸ್ತಿಯೂ ತಾಯಿಯ ಬಳಿಯಿಂದ ಇಳಿದು ಬರುತ್ತಿದ್ದವು. ಆಸ್ತಿಯು ಕುಟುಂಬದ ಒಟ್ಟು ಸ್ವತ್ತಾಗಿದ್ದು, ಒಬ್ಬ ಸದಸ್ಯನು ತನ್ನ ಪಾಲನ್ನು ಒತ್ತಾಯದಿಂದ ಬಿಡಿಸಿಕೊಳ್ಳುವ ಹಕ್ಕನ್ನು ಆ ಶತಮಾನದ ಮದರಾಸಿನ ನ್ಯಾಯಾಲಯಗಳು ಮಾನ್ಯ ಮಾಡಲಿಲ್ಲ. ಮತಾಂತರದಿಂದ ಯಾರೂ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರ 21ನೆಯ ಕಾಯಿದೆಯು ಸಾರಿದರೂ, ಬೇರ್ಪಡಿಸಲಾಗದ ಪಾಲಿನ ಮೇಲಿನ ಹಕ್ಕು ಮನೆಯಿಂದ ಹೊರಬಿದ್ದವನಿಗೆ ಅನ್ನವಾಗುವುದು ಸುಲಭವಿರಲಿಲ್ಲ. ಆಸ್ತಿಯ ಜೊತೆಗೆ ಮನೆತನದ ಭೂತಕ್ಕೆ, ಅಂದರೆ ಮನೆಯನ್ನು ಕಾಯುವ ದೈವಕ್ಕೆ, ಸಲ್ಲಿಸುವ ನೇಮದಲ್ಲಿಯೂ, ಮದುವೆ, ಸೂತಕಗಳಲ್ಲಿಯೂ ಅವನ ಸ್ಥಾನ ಅಳಿಯುತ್ತಿತ್ತು. ಬಿಲ್ಲವರಿಗೆ ಇನ್ನೊಂದು ಸಂಕಟವಿತ್ತು: ಶೇಂದಿ ಇಳಿಸುವ ಮೂರ್ತೆ ಕಸುಬನ್ನು ಮಿಶನ್ ಒಪ್ಪದೆ ಇದ್ದುದರಿಂದ, ಹೊಸ ಮತವು ಅವರ ಹೊಟ್ಟೆಪಾಡಿನ ದಾರಿಯನ್ನೂ ಮುಚ್ಚುತ್ತಿತ್ತು. ಬ್ರಾಹ್ಮಣರಲ್ಲಿ ಬಹಿಷ್ಕಾರದ ಕಟ್ಟಕಡೆಯ ರೂಪವಾಗಿ ಘಟಶ್ರಾದ್ಧ, ಅಂದರೆ ಬದುಕಿರುವ ವ್ಯಕ್ತಿಯನ್ನು ಸತ್ತವನೆಂದು ಭಾವಿಸಿ ನಡೆಸುವ ಉತ್ತರಕ್ರಿಯೆ, ಶಾಸ್ತ್ರಸಮ್ಮತವಾಗಿಯೇ ಇತ್ತು.

ಈ ಕಾಲದ ಅತ್ಯಂತ ಪ್ರಸಿದ್ಧ ಪ್ರಸಂಗವೆಂದರೆ 1844ರ ಜನವರಿಯಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನರಿ ಹರ್ಮನ್ ಮ್ಯೋಗ್ಲಿಂಗನ ಪ್ರಭಾವಕ್ಕೆ ಒಳಗಾದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನು ದೀಕ್ಷಾಸ್ನಾನ ಪಡೆದುದು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು, ಅವನ ಬಾಲ್ಯವಿವಾಹದ ಪತ್ನಿಯು ತವರಿನವರ ಕಡೆಯೇ ಉಳಿದಳು. ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ ಈ ಯುವಕನು 1846ರಲ್ಲಿ ಬಾಸೆಲ್‌ಗೆ ಹೋಗಿ, ದೀಕ್ಷಿತ ಮಿಶನರಿಯಾಗಿ 1851ರಲ್ಲಿ ಹಿಂದಿರುಗಿ, 1893ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ ನಾಡಿನಲ್ಲಿಯೇ ದುಡಿದನು. ಅವನನ್ನು ಕಳೆದುಕೊಂಡ ಮನೆಯವರ ದುಃಖವನ್ನೂ ಇಲ್ಲಿ ನೆನೆಯುವುದು ನ್ಯಾಯ. ಮಗನೊಬ್ಬ ಬದುಕಿದ್ದೂ ಇಲ್ಲದಂತಾದ ಮನೆಯ ಅಳಲಿಗೆ ಮಿಶನ್ನಿನ ವರದಿಗಳಲ್ಲಿ ಹೆಚ್ಚು ಜಾಗ ದೊರೆತಿಲ್ಲ. ಕೊಡಗಿನಲ್ಲಿ ಜಮ್ಮಾ, ಅಂದರೆ ವಂಶಪಾರಂಪರ್ಯ ಹಿಡುವಳಿಯ, ಜಮೀನುಗಳಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಹೊಲೆಯರಿಗಾಗಿ 1850ರ ದಶಕದ ಕೊನೆಯಲ್ಲಿ ಮ್ಯೋಗ್ಲಿಂಗನು ನೆಲೆಗೊಳಿಸಿದ ಹಳ್ಳಿಗೆ ಕೌಂಡಿನ್ಯನು ತನ್ನ ಹಣವನ್ನು ನೀಡಿದನು. ಆನಂದಪುರವೆಂಬ ಹೆಸರು ಆ ಹಳ್ಳಿಗೆ ಬಂದುದು ಅವನಿಂದ. ತನ್ನ ಮನೆಯನ್ನು ಕಳೆದುಕೊಂಡವನು ಎಂದೂ ಸ್ವಂತ ಮನೆಯೇ ಇಲ್ಲದವರಿಗೆ ನೆಲ ಕೊಂಡನೆಂಬುದು ಈ ಇಡೀ ಚರಿತ್ರೆಯಲ್ಲಿ ಹೃದಯಕ್ಕೆ ಅತ್ಯಂತ ಹತ್ತಿರವಾದ ಸಂಗತಿಗಳಲ್ಲೊಂದು.

ಸಾಂತ್ವನವು ಮೊದಲು ಬಂದುದು ಮಾತಿನ ರೂಪದಲ್ಲಿ. ಮಂಗಳೂರಿನಲ್ಲಿ 1841ರಲ್ಲಿ ಆರಂಭವಾದ ಕಲ್ಲಚ್ಚಿನ ಮುದ್ರಣಾಲಯದಿಂದ 1847ರಲ್ಲಿ ತುಳು ಹೊಸ ಒಡಂಬಡಿಕೆಯು ಕನ್ನಡ ಲಿಪಿಯಲ್ಲಿ ಹೊರಬಂದಿತು. ಆವರೆಗೆ ಬಹುಮಟ್ಟಿಗೆ ಪಾಡ್ದನ ಮತ್ತು ನುಡಿಗಟ್ಟುಗಳ ಬಾಯಿಮಾತಾಗಿದ್ದ ಭಾಷೆಯಲ್ಲಿ ದುಡಿದು ದಣಿದವರನ್ನು ಕರೆಯುವ ಕ್ರಿಸ್ತನ ಮಾತುಗಳು ಅಚ್ಚಿನಲ್ಲಿ ಓದಿಸಿಕೊಳ್ಳತೊಡಗಿದವು. ಜಾನ್ ಬನ್ಯನ್‌ನ ರೂಪಕ ಕಥೆಯು 'ಯಾತ್ರಿಕನ ಸಂಚಾರ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದುದೂ ಅದೇ ದಶಕದಲ್ಲಿ. ತನ್ನ ನಂಬಿಕೆಗಾಗಿ 1660ರಿಂದ ಹನ್ನೆರಡು ವರ್ಷ ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ಸೆರೆಯಲ್ಲಿದ್ದ ಲೇಖಕನ ಈ ಕಥೆಯಲ್ಲಿ ನಾಯಕನು ಬೆನ್ನಿನ ಹೊರೆಯೊಡನೆ ಮನೆ, ಮಡದಿ, ಮಕ್ಕಳನ್ನು ಬಿಟ್ಟು ಹೊರಡುತ್ತಾನೆ, ನೆರೆಯವರು ಅವನನ್ನು ಹಳಿಯುತ್ತಾರೆ. ಯುರೋಪಿನ ಓದುಗರಿಗೆ ಆತ್ಮದ ರೂಪಕವಾಗಿದ್ದ ಆ ಕಥೆ ಇಲ್ಲಿನ ಓದುಗರಿಗೆ ತಮ್ಮ ನಿತ್ಯಾನುಭವದ ವರ್ಣನೆಯಾಗಿತ್ತು.

ಓದು ಬಾರದವರಿಗೆ ಹಾಡು ದೊರಕಿತು. ಜರ್ಮನ್ ಭಕ್ತಿಗೀತೆಗಳನ್ನು ಅವುಗಳ ಮೂಲ ಧಾಟಿಯಲ್ಲಿಯೇ ಕನ್ನಡ ಮತ್ತು ತುಳುಗಳಲ್ಲಿ ಹಾಡುವ ಪರಿಪಾಠವು ಸಭೆಗಳಲ್ಲಿ, ಎಂದರೆ ಸ್ಥಳೀಯ ಕ್ರೈಸ್ತ ಸಮುದಾಯಗಳಲ್ಲಿ, ಬೇಗನೆ ಬೇರೂರಿತು. ಈ ಅನುವಾದಗಳ ಛಂದಸ್ಸು ಅನೇಕ ಕಡೆ ಎಡವುತ್ತದೆ. ಆ ಕೊರತೆಯನ್ನು ಅರಿತವನಂತೆ ಮಿಶನರಿ ಫರ್ಡಿನಾಂಡ್ ಕಿಟ್ಟೆಲನು 1862ರಲ್ಲಿ ಕ್ರಿಸ್ತನ ಜೀವನವನ್ನು ಕನ್ನಡದ ದೇಶೀಯ ಛಂದಸ್ಸಿನಲ್ಲಿ ನಿರೂಪಿಸುವ 'ಕಥಾಮಾಲೆ'ಯನ್ನು ರಚಿಸಿದನು. ಕಾವ್ಯಗುಣದಲ್ಲಿ ಅದು ಮೇಲಾಗಿದ್ದರೂ ಮರಣದ ಮನೆಯಲ್ಲಿ, ಕಾಯಿಲೆಯವರ ಮಗ್ಗುಲಲ್ಲಿ ಜನರು ನೆಚ್ಚಿಕೊಂಡದ್ದು ನಾಲ್ಕು ಸ್ವರಗಳಲ್ಲಿ ಒಟ್ಟಾಗಿ ಹಾಡಬಹುದಾಗಿದ್ದ ಆ ಹಳೆಯ ಗೀತೆಗಳನ್ನೇ, ಏಕೆಂದರೆ ಒಂಟಿಯಾದವರಿಗೆ ಬೇಕಾದದ್ದು ಇತರರ ದನಿಯೊಡನೆ ತಮ್ಮ ದನಿಯೂ ಸೇರುವುದು.

ಆದರೂ ಹಾಡಿನಿಂದ ಹೊಟ್ಟೆ ತುಂಬಲಾರದೆಂಬುದನ್ನು ಮಿಶನ್ ಬೇಗನೆ ಅರಿಯಿತು. ಉಡುಪಿ, ಮೂಲ್ಕಿಗಳಲ್ಲಿ ಅನಾಥಾಲಯಗಳು ನಡೆದವು. 1851ರಲ್ಲಿ ಬಂದ ಮಿಶನರಿ ಹಾಲರ್‌ನು ಮಂಗಳೂರಿನ ನೇಯ್ಗೆಯನ್ನು ಸುಧಾರಿತ ಮಗ್ಗಗಳಿಂದ ಬಲಪಡಿಸಿದನು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ನದಿತೀರದ ಜೇಡಿಯನ್ನು ಹದಮಾಡಿ, ಅಚ್ಚೊತ್ತಿ, ಗೂಡಿನಲ್ಲಿ ಸುಟ್ಟು ತಯಾರಿಸಿದ ಮಂಗಳೂರು ಹಂಚು ಹಡಗುಗಳಲ್ಲಿ ದೂರದ ನಾಡುಗಳಿಗೂ ಹೋಯಿತು. ಗೇಣಿಯ ಗದ್ದೆಯಿಂದ ಎಬ್ಬಿಸಲ್ಪಟ್ಟವನೂ ಮೂರ್ತೆಯನ್ನು ಬಿಟ್ಟವನೂ ಇಲ್ಲಿ ದಿನಗೂಲಿಯನ್ನು ಪಡೆದು, ಕ್ರಮೇಣ ಮಿಶನ್ನಿನ ನೆಲದಲ್ಲಿಯೇ ಮನೆ ಕಟ್ಟಿಕೊಂಡನು. ಜಾತಿಯ ಪಂಕ್ತಿಭೇದವಿದ್ದ ನಾಡಿನಲ್ಲಿ ಬಿಲ್ಲವ, ಬಂಟ, ಬ್ರಾಹ್ಮಣ ಮೂಲದವರು ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸಗಳ ಸಂಸ್ಕಾರದಲ್ಲಿ, ಒಂದೇ ಪಾತ್ರೆಯಿಂದ ಕುಡಿದರು; ಸತ್ತಾಗ ಸಭೆಯವರೇ ಹೆಗಲು ಕೊಟ್ಟರು. ಹಳೆಯ ಕುಲವು ಹಿಂದಕ್ಕೆ ಪಡೆದಿದ್ದುದೆಲ್ಲವೂ ಹೀಗೆ ಬೇರೊಂದು ಕಡೆಯಿಂದ ಮರಳಿ ಬಂದಿತು.

ಈ ಸಾಂತ್ವನಕ್ಕೆ ಷರತ್ತುಗಳಿದ್ದವು, ಅವುಗಳನ್ನು ಮುಚ್ಚಿಟ್ಟು ಬರೆದ ಚರಿತ್ರೆ ಸತ್ಯವಾಗಲಾರದು. ಕುಡಿತ, ಸಾಲ, ಭೂತದ ಮುಂದೆ ಹರಕೆ, ಅಕ್ರೈಸ್ತರೊಡನೆ ಮದುವೆ ಇವುಗಳಲ್ಲಿ ಯಾವುದಕ್ಕಾದರೂ ಸಭಾಹಿರಿಯರ ಮುಂದೆ ವಿಚಾರಣೆ ನಡೆದು, ತಪ್ಪಿತಸ್ಥನು ಕರ್ತನ ಭೋಜನದಿಂದ ದೂರವಿಡಲ್ಪಡುತ್ತಿದ್ದನು. ಒಮ್ಮೆ ಬಹಿಷ್ಕೃತನಾಗಿ ಬಂದವನಿಗೆ ಎರಡನೆಯ ಬಹಿಷ್ಕಾರವು ಎಷ್ಟು ಕಠೋರವಾಗಿದ್ದಿರಬೇಕೆಂಬುದನ್ನು ಮಿಶನರಿಗಳು ಪೂರ್ಣವಾಗಿ ತೂಗಿ ನೋಡಿದಂತೆ ಕಾಣುವುದಿಲ್ಲ. ಸಭಾಪಾಲಕನೂ ಕೂಲಿ ಕೊಡುವ ಒಡೆಯನೂ ಒಂದೇ ಸಂಸ್ಥೆಗೆ ಸೇರಿದವರಾಗಿದ್ದುದರಿಂದ, ಕೂಲಿಯ ದೂರು ಹೇಳುವುದು ಕೃತಘ್ನತೆಯೆಂದು ಕಾಣಿಸುವ ಅಪಾಯವಿತ್ತು.

ಮೊದಲನೆಯ ಮಹಾಯುದ್ಧವು ಬೋಧನೆಗೂ ಕೂಲಿಗೂ ಇದ್ದ ಈ ಬೆಸುಗೆಯನ್ನು ಕಳಚಿತು. ಯುದ್ಧಾರಂಭದ ನಂತರ ಜರ್ಮನ್ ಮಿಶನರಿಗಳು ಶತ್ರುರಾಷ್ಟ್ರದವರೆಂದು ಬ್ರಿಟಿಷ್ ಸರಕಾರದ ಬಂಧನಕ್ಕೊಳಗಾಗಿ ನಾಡಿನಿಂದ ಹೊರಟುಹೋದರು. ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಎಂಬತ್ತು ವರ್ಷಗಳ ಕಾಲ ಇತರರ ಆಸರೆಯಲ್ಲಿ ಬೆಳೆದಿದ್ದ ಸಭೆಗಳು ಈಗ ಒಂಟಿಯಾದವು. ಕೂಲಿಯು ಬೇರೆಯವರಿಂದಲೂ ಬೋಧನೆಯು ತಮ್ಮವರಿಂದಲೂ ಬರುವ ಕಾಲ ಬಂದಾಗ, ಭಾರತೀಯ ಸಭಾಪಾಲಕರೂ ಉಪದೇಶಿಗಳೂ ಸಭಾಹಿರಿಯರೂ ಕೈಗೆ ಬಂದ ಹೊಣೆಯನ್ನು ಹೊತ್ತು, ರೋಗಿಗಳನ್ನು ಸಂದರ್ಶಿಸಿ, ಸತ್ತವರನ್ನು ಹೂಳಿ, ವಿಧವೆಯರಿಗೆ ಅಕ್ಕಿ ಹಂಚಿ ಸಭೆಗಳನ್ನು ನಡೆಸಿಕೊಂಡು ಹೋದರು.