ಐಗಳ ಮಠವೂ ಮಹಾನವಮಿಯೂ

ಮಳೆಗಾಲದ ಮೋಡಗಳು ಚದುರಿ, ಆಕಾಶ ತಿಳಿಯಾಗಿ, ಕೆರೆಯ ನೀರು ನಿಂತಲ್ಲೇ ಹೊಳೆಯುವ ಕಾಲವನ್ನು ನಮ್ಮ ಹಿರಿಯರು ಶರದೃತುವೆಂದು ಕರೆದರು. ಇಂದಿನ ಶಾಲೆಯ ಮಕ್ಕಳಿಗೆ ಈ ಋತುವೆಂದರೆ ದಸರಾ ರಜೆ. ಪರೀಕ್ಷೆ ಮುಗಿಯುತ್ತದೆ, ಪುಸ್ತಕದ ಚೀಲ ಮೂಲೆ ಸೇರುತ್ತದೆ, ಶಾಲೆಯ ಬಾಗಿಲಿಗೆ ಬೀಗ ಬೀಳುತ್ತದೆ. ಹಬ್ಬ ಮನೆಯದು, ಪಾಠ ಶಾಲೆಯದು. ಎರಡಕ್ಕೂ ಸಂಬಂಧವಿಲ್ಲವೆಂದೇ ನಾವು ತಿಳಿದಿದ್ದೇವೆ. ಆದರೆ ಒಂದಾನೊಂದು ಕಾಲದಲ್ಲಿ ಇದೇ ಹಬ್ಬದ ದಿನಗಳಲ್ಲಿ ಶಾಲೆಗೆ ಶಾಲೆಯೇ ಎದ್ದು ಬೀದಿಗೆ ಬರುತ್ತಿತ್ತು. ಮನೆಮನೆಯ ಜಗಲಿಯ ಮುಂದೆ ನಿಂತು ತಾನು ಕಲಿತದ್ದನ್ನು ಒಪ್ಪಿಸುತ್ತಿತ್ತು. ಆ ಶಾಲೆ ಹೇಗಿತ್ತು, ಅದು ಬೀದಿಗೆ ಬರಬೇಕಾದದ್ದೇಕೆ ಎಂಬುದನ್ನು ಬಳ್ಳಾರಿ ಜಿಲ್ಲೆಯ ಒಂದು ಹಳೆಯ ಪತ್ರದ ನೆರವಿನಿಂದ ಸ್ವಲ್ಪ ವಿಚಾರಿಸೋಣ.

1822ರಲ್ಲಿ ಮದ್ರಾಸಿನ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು ತಮ್ಮ ಪ್ರಾಂತದ ಎಲ್ಲ ಕಲೆಕ್ಟರುಗಳಿಗೂ ಒಂದು ಆಜ್ಞೆ ಕಳುಹಿಸಿದರು. ನಿಮ್ಮ ನಿಮ್ಮ ಜಿಲ್ಲೆಗಳಲ್ಲಿ ದೇಶೀಯರು ತಾವೇ ನಡೆಸುತ್ತಿರುವ ಶಾಲೆಗಳೆಷ್ಟು, ಕಲಿಯುವ ಮಕ್ಕಳೆಷ್ಟು, ಏನು ಕಲಿಯುತ್ತಾರೆ ಎಂಬುದನ್ನು ಎಣಿಸಿ ಬರೆಯಿರಿ ಎಂಬುದು ಅದರ ಸಾರ. ಅನೇಕರು ಅಂಕಿಗಳ ಪಟ್ಟಿಯನ್ನು ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಅಲೆಕ್ಸಾಂಡರ್ ಡಂಕನ್ ಕ್ಯಾಂಪ್‌ಬೆಲ್ ಅವರು ಮಾತ್ರ ಹಾಗೆ ಮಾಡಲಿಲ್ಲ. ತೆಲುಗಿಗೆ ವ್ಯಾಕರಣ ಬರೆದ ಪಂಡಿತರು ಅವರು. 1823ರ ಆಗಸ್ಟ್ 17ರಂದು ಅವರು ಬರೆದ ಪತ್ರದಲ್ಲಿ ಅಂಕಿಗಳ ಜೊತೆಗೆ ಮಠದ ಒಳಗಿನ ದಿನಚರಿಯೂ ಇದೆ, ಕಲೆಕ್ಟರರ ಮನಸ್ಸಿನ ನೋವೂ ಇದೆ.

ಅಂದಿನ ಬಳ್ಳಾರಿ ಜಿಲ್ಲೆ ಬಹು ದೊಡ್ಡದು. ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಅನಂತಪುರದ ಸೀಮೆಯೂ, 2021ರಲ್ಲಿ ಬೇರೆಯಾದ ವಿಜಯನಗರ ಜಿಲ್ಲೆಯ ಹಂಪೆ, ಹೊಸಪೇಟೆಗಳೂ ಅದರಲ್ಲಿಯೇ ಇದ್ದವು. ಜನಸಂಖ್ಯೆ 9,27,857. ಶಾಲೆಗಳು 533. ಇವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಕಲಿಯುತ್ತಿದ್ದ ಮಕ್ಕಳು ಒಟ್ಟು 6,641. ಲೆಕ್ಕ ಹಾಕಿದರೆ ಒಂದೊಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಎಂದರೆ ಇವು ಕಟ್ಟಡವುಳ್ಳ ದೊಡ್ಡ ಶಾಲೆಗಳಲ್ಲ. ಯಾರದೋ ಮನೆಯ ಪಡಸಾಲೆ, ಗುಡಿಯ ಕೈಸಾಲೆ, ಊರ ಚಾವಡಿ. ಜನ ಇದನ್ನು ಕೂಲಿಮಠವೆಂದರು, ಕಲಿಸುವವರನ್ನು ಐಗಳೆಂದರು.

ಮಗುವಿಗೆ ಐದು ವರ್ಷ ತುಂಬಿದಾಗ ಐಗಳನ್ನೂ ಮಠದ ಹುಡುಗರನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕುಳಿತು, ಧೂಪ ಹಾಕಿ, ಪೂಜೆ ಮಾಡಿ, ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುತ್ತಿದ್ದರು. ಮಾರನೆಯ ಬೆಳಗಿನಿಂದ ಮಗು ಮಠದ ಪಾಲು. ಗಮನಿಸಬೇಕಾದ ಸಂಗತಿಯೆಂದರೆ, ಮಗು ಶಾಲೆಗೆ ಹೋಗುವ ಮೊದಲು ಶಾಲೆ ಮಗುವಿನ ಮನೆಗೆ ಬಂದು ಹೋಗುತ್ತಿತ್ತು.

ಮಠ ತೆರೆಯುತ್ತಿದ್ದುದು ಬೆಳಗಿನ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನ ಅಂಗೈ ಮೇಲೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೆಚ್ಚು. ಮೈಗಳ್ಳನನ್ನು ಎರಡೂ ಕೈ ಕಟ್ಟಿ ಮಾಡಿಗೆ ತೂಗುಹಾಕುವುದೂ ಉಂಟು, ಬಿಡುವಿಲ್ಲದೆ ಬಸ್ಕಿ ಹೊಡೆಸುವುದೂ ಉಂಟು. ಇದು ಕಠಿಣವಾದ ಪದ್ಧತಿಯೆಂದೇ ಕಲೆಕ್ಟರರು ಬರೆದಿದ್ದಾರೆ. ಹಳೆಯದನ್ನು ನೆನೆದು ಹಿಗ್ಗುವಾಗ ಈ ಏಟುಗಳನ್ನೂ ನಾವು ನೆನೆಯಬೇಕು.

ಅಕ್ಷರ ಕಲಿಸುವ ಕ್ರಮ ಮಾತ್ರ ಬಹು ಸೊಗಸಾದದ್ದು. ಐರೋಪ್ಯ ಮಕ್ಕಳು ಮೊದಲು ಅಕ್ಷರಗಳ ಹೆಸರನ್ನು ಬಾಯಲ್ಲಿ ಹೇಳಿ ಕಲಿಯುತ್ತಿದ್ದರೆ, ನಮ್ಮ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದಿ ಕಲಿಯುತ್ತಿದ್ದರು. ಬೆರಳು ಪಳಗಿದ ಮೇಲೆ ಓಲೆಗರಿಗೆ ಕಬ್ಬಿಣದ ಕಂಟ, ಕಾಗದಕ್ಕೆ ಲಾಳದ ಕಡ್ಡಿಯ ಲೇಖನಿ. ಬಳ್ಳಾರಿಯ ಕಡೆ ಹೆಚ್ಚಾಗಿ ಬಳಕೆಯಲ್ಲಿದ್ದುದು ಹಲಗೆ ಮತ್ತು ಕಡತ. ಹಲಗೆ ಮೂರಡಿ ಉದ್ದ, ಒಂದಡಿ ಅಗಲ. ನುಣ್ಣಗೆ ಹೆರೆದು, ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಸಿದ್ಧ. ಕಡತವೆಂದರೆ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆ. ಅದನ್ನು ಪುಸ್ತಕದಂತೆ ಮಡಿಕೆ ಮಡಿಕೆಯಾಗಿ ಮಡಿಸಿ, ಇದ್ದಿಲು ಮತ್ತು ಅಂಟುಗಳ ಕಪ್ಪು ಬಳಿಯುತ್ತಿದ್ದರು. ಬಿಳಿಯ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸದು. ಇಂದು ನಾವು ಸರ್ಕಾರಿ ಕಚೇರಿಯಲ್ಲಿ ಕಡತ ವಿಲೇವಾರಿಯಾಗಿಲ್ಲವೆಂದು ದೂರುವಾಗ, ಮಠದ ಹುಡುಗರ ಆ ಕಪ್ಪು ಬಟ್ಟೆಯ ಹೆಸರನ್ನೇ ಹೇಳುತ್ತಿರುತ್ತೇವೆ.

ಮಠದಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು, ಐಗಳು ಒಬ್ಬರೇ. ಆದ್ದರಿಂದ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಹೇಳಿಕೊಡುತ್ತಾ ತಮ್ಮ ಪಾಠವನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಮಿತವ್ಯಯದ ಕ್ರಮ ಮೆಚ್ಚತಕ್ಕದ್ದೆಂದೂ, ಇಂಗ್ಲೆಂಡಿನಲ್ಲಿ ಇದನ್ನು ಅನುಸರಿಸಿದ್ದು ಯೋಗ್ಯವೆಂದೂ ಕ್ಯಾಂಪ್‌ಬೆಲ್ಲರು ಬರೆದರು. ಆ ಮಾತು ಅತಿಶಯೋಕ್ತಿಯಲ್ಲ. ಮದ್ರಾಸಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು, ದೇಶೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತಮ್ಮ ಶಾಲೆಯಲ್ಲಿ ತಂದರು. ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಕ್ರಮವನ್ನೂ ಅಲ್ಲಿ ನಡೆಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಅಚ್ಚು ಹಾಕಿಸಿದರು. ಮುಂದೆ ಇಂಗ್ಲೆಂಡಿನ ಬಡ ಮಕ್ಕಳ ಎಷ್ಟೋ ಶಾಲೆಗಳಲ್ಲಿ ಇದು ಮದ್ರಾಸು ಪದ್ಧತಿಯೆಂಬ ಹೆಸರಿನಿಂದ ನಡೆಯಿತು.

ಹೊಗಳಿದಷ್ಟೇ ನೇರವಾಗಿ ಕಲೆಕ್ಟರರು ತಪ್ಪನ್ನೂ ಎತ್ತಿ ಹೇಳಿದ್ದಾರೆ. ರಾಮಾಯಣ, ಭಾರತ, ಭಾಗವತ, ಬಸವಪುರಾಣ, ಶಬ್ದಮಣಿದರ್ಪಣ, ಅಮರಕೋಶ ಎಲ್ಲವೂ ಮಠದಲ್ಲಿ ನಡೆಯುತ್ತಿದ್ದವು. ಆದರೆ ಬಹುಪಾಲು ಬಾಯಿಪಾಠ. ಪದ್ಯದ ನುಡಿ ಹುಡುಗರ ಆಡುಮಾತಿಗೆ ದೂರ. ಅರ್ಥ ಹೇಳಬೇಕಾದ ಐಗಳಿಗೇ ಅನೇಕ ವೇಳೆ ಅರ್ಥ ತಿಳಿಯದು. ಬಾಯಿಗೆ ಬಂದದ್ದು ಬುದ್ಧಿಗೆ ಇಳಿಯುತ್ತಿರಲಿಲ್ಲ.

ಇನ್ನು ಹಬ್ಬದ ಮಾತಿಗೆ ಬರೋಣ. ಬಳ್ಳಾರಿಯ ಎರೆ ಭೂಮಿಯಲ್ಲಿ ಶರತ್ಕಾಲವೆಂದರೆ ಹಿಂಗಾರಿಯ ಬಿತ್ತನೆಯ ಕಾಲ. ಹಸ್ತ, ಚಿತ್ತೆಯ ಮಳೆಗಳನ್ನು ನಂಬಿ ಬಿಳಿಜೋಳ ಬಿತ್ತಬೇಕು. ಕೂರಿಗೆಯ ಹಿಂದೆ ಹುಡುಗರೂ ಬೇಕು. ಆ ದುಡಿಮೆಯ ನಡುವೆಯೇ ಬರುತ್ತದೆ ಮಹಾನವಮಿ, ಜನರ ಬಾಯಲ್ಲಿ ಮಾರ್ನೋಮಿ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಮಠದಲ್ಲಿ ಸಡಗರ. ಕನ್ನಡ ನಾಡಿನ ಹಲವೆಡೆ, ತೆಲುಗು ನಾಡಿನಲ್ಲಿಯೂ, ಐಗಳು ಹುಡುಗರನ್ನು ಕರೆದುಕೊಂಡು ಮನೆಮನೆಗೆ ಹೋಗುವ ವಾಡಿಕೆ ಇತ್ತು. ಮಡಿಬಟ್ಟೆ ಉಟ್ಟು, ಬಣ್ಣದ ಕೋಲು ಹಿಡಿದು, ಹುಡುಗರು ಅಂಗಳದಲ್ಲಿ ನಿಂತು ಚೌಪದ ಹೇಳುತ್ತಿದ್ದರು. ನಾಲ್ಕು ನಾಲ್ಕು ಸಾಲಿನ ಪದಗಳಾದ್ದರಿಂದ ಆ ಹೆಸರು. ದೇವರ ಸ್ತುತಿ, ಪುರಾಣದ ಕಥೆ, ಮನೆಯವರಿಗೆ ಹರಕೆ, ಕೊನೆಗೆ ಐಗಳಿಗೆ ಕಾಣಿಕೆಯ ಬೇಡಿಕೆ. ಐಗಳಿಗೆ ದುಡ್ಡು, ಧಾನ್ಯ, ಬಟ್ಟೆ; ಹುಡುಗರಿಗೆ ಪುಟಾಣಿ, ಬೆಲ್ಲ. ಕಲೆಕ್ಟರರ ಪತ್ರ ಮಠದ ಒಳಗಿನದನ್ನು ಹೇಳುತ್ತದೆ. ಬೀದಿಯ ಈ ದೃಶ್ಯ ಉಳಿದು ಬಂದಿರುವುದು ಹಿರಿಯರ ನೆನಪಿನಲ್ಲಿ, ಜನಪದ ಹಾಡುಗಳಲ್ಲಿ.

ಇದನ್ನು ಕೇವಲ ಭಿಕ್ಷಾಟನೆ ಎಂದು ತಿಳಿದರೆ ತಪ್ಪಾದೀತು. ಐಗಳ ಜೀವನ ಮಕ್ಕಳ ಮನೆಯವರು ಕೊಡುವುದರ ಮೇಲೆಯೇ ನಿಂತಿತ್ತು. ಆದ್ದರಿಂದ ಮಹಾನವಮಿ ಅವರ ಸಂಬಳದ ಒಂದು ಭಾಗ. ಅದೇ ದಿನ ಅದು ಮಕ್ಕಳ ಪರೀಕ್ಷೆಯೂ ಹೌದು. ಹುಡುಗನ ನಾಲಿಗೆ ತಿರುಗಿದೆಯೇ, ಪದ ತಪ್ಪದೆ ಹೇಳುತ್ತಾನೆಯೇ, ಹೋದ ವರ್ಷಕ್ಕಿಂತ ಈ ವರ್ಷ ಮುಂದೆ ಬಂದಿದ್ದಾನೆಯೇ ಎಂಬುದನ್ನು ತಾಯಿ ಹೊಸ್ತಿಲಲ್ಲಿ ನಿಂತು ಕೇಳಿ ತಿಳಿಯುತ್ತಿದ್ದಳು. ಓದು ಬಾರದ ಮನೆಗೂ ತನ್ನ ಮಗನ ಓದಿನ ಲೆಕ್ಕ ಸಿಗುತ್ತಿತ್ತು. ಮಹಾನವಮಿಯಂದು ಹಲಗೆ, ಕಡತ, ಪುಸ್ತಕಗಳಿಗೆ ಪೂಜೆ. ವಿಜಯದಶಮಿಯಂದು ಬನ್ನಿ ಹಂಚಿ ಹೊಸ ಪಾಠಕ್ಕೆ ಆರಂಭ.

ಇದೇ ಸೀಮೆಯ ಹಂಪೆಯಲ್ಲಿ ಒಂದು ಕಾಲಕ್ಕೆ ಮಹಾನವಮಿ ಚಕ್ರವರ್ತಿಗಳ ಹಬ್ಬವಾಗಿತ್ತು. 1443ರಲ್ಲಿ ಅಬ್ದುರ್ ರಜಾಕ್, 1520ರ ಸುಮಾರಿನಲ್ಲಿ ಪೋರ್ಚುಗೀಸರ ಪಾಯೆಸ್ ಅದನ್ನು ಕಂಡು ಬೆರಗಾಗಿ ಬರೆದಿಟ್ಟರು. 1565ರ ಯುದ್ಧದ ಅನಂತರ ಆ ವೈಭವ ಅಳಿಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಮುಂದುವರಿಸಿದರು. ಹಂಪೆಯಲ್ಲಿ ಉಳಿದದ್ದು ಮಹಾನವಮಿ ದಿಬ್ಬದ ಕಲ್ಲು. ಆದರೆ ಹಬ್ಬ ಹಳ್ಳಿಗಳಲ್ಲಿ ಸಾಯಲಿಲ್ಲ. ಅರಸರಿಲ್ಲದ ನಾಡಿನಲ್ಲಿ ಅದನ್ನು ಉಳಿಸಿಕೊಂಡವರಲ್ಲಿ ಮಠದ ಹುಡುಗರೂ ಸೇರಿದ್ದರು.

ಹಾಗಾದರೆ ಆ ಕಾಲವೇ ಚೆನ್ನಾಗಿತ್ತೆ? ಅಂಕಿಗಳನ್ನು ಮತ್ತೊಮ್ಮೆ ನೋಡಿ. ಹತ್ತಿರ ಹತ್ತಿರ ಹತ್ತು ಲಕ್ಷ ಜನರಲ್ಲಿ ಏಳು ಸಾವಿರ ಮಕ್ಕಳೂ ಶಾಲೆಯಲ್ಲಿಲ್ಲ; 140 ಜನರಿಗೆ ಒಬ್ಬ. ಇಡೀ ಪ್ರಾಂತದಲ್ಲಿ 67 ಜನರಿಗೆ ಒಬ್ಬನೆಂದು 1826ರಲ್ಲಿ ಮನ್ರೋ ಅವರು ಲೆಕ್ಕ ಕೊಟ್ಟರು. ಬಳ್ಳಾರಿಯದು ಅದರ ಅರ್ಧಕ್ಕಿಂತ ಕಡಿಮೆ. ಮಠ ಬ್ರಾಹ್ಮಣರ ಮಕ್ಕಳಿಗೆ ಮಾತ್ರ ಮೀಸಲಾಗಿತ್ತೆಂಬ ಭಾವನೆಯನ್ನು ಈ ಪತ್ರ ತಿದ್ದುತ್ತದೆ: ಬ್ರಾಹ್ಮಣ ಹುಡುಗರು 1,185, ಶೂದ್ರವರ್ಗದವರೆಂದು ಬರೆಸಿದ ಹುಡುಗರು 2,998, ಮುಸಲ್ಮಾನರು 243. ಆದರೂ ಊರಾಚೆಯ ಕೇರಿಯ ಮಕ್ಕಳಿಗೆ ಮಠದ ಜಗಲಿ ದೊರೆತದ್ದು ಅಪರೂಪ. ಹಿಂದೂ ಹೆಣ್ಣುಮಕ್ಕಳಂತೂ ಇಡೀ ಜಿಲ್ಲೆಯಲ್ಲಿ ಅರವತ್ತೇ ಅರವತ್ತು. ಹೊಸ್ತಿಲಲ್ಲಿ ನಿಂತು ಚೌಪದ ಕೇಳುತ್ತಿದ್ದ ತಾಯಿಯ ಸೆರಗು ಹಿಡಿದು ನಿಂತ ಹುಡುಗಿಗೆ, ಅಂಗಳದ ಆ ಸಾಲಿನಲ್ಲಿ ಜಾಗವಿರಲಿಲ್ಲ.

ಇದಕ್ಕೆ ಕಾರಣವನ್ನು ಹುಡುಕಿದ ಕಲೆಕ್ಟರರು ತಮ್ಮ ಸರ್ಕಾರದ ಕಡೆಗೇ ಬೆರಳು ತೋರಿಸಿದರು. ನಾಡು ಬಡವಾಗುತ್ತಿದೆ, ಐರೋಪ್ಯ ಬಟ್ಟೆ ಬಂದು ಇಲ್ಲಿಯ ನೇಕಾರರ ಕೈ ಬರಿದಾಗಿದೆ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯಿಲ್ಲ ಎಂದರು. ಈ 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ತಮಗೆ ನಾಚಿಕೆಯಾಗುತ್ತದೆಂದು ಸಹ ಬರೆದರು. ಐಗಳು ಹಬ್ಬದ ದಿನ ಬೀದಿಗೆ ಇಳಿಯಬೇಕಾದದ್ದೇಕೆ ಎಂಬುದಕ್ಕೆ ಉತ್ತರ ಈ ಮಾತಿನಲ್ಲಿದೆ. ದೊರೆ ಕೊಡದ್ದನ್ನು ಊರು ಕೊಡಬೇಕಾಯಿತು. ಊರು ಬಡವಾದಾಗ ಮಠಗಳೂ ಮುಚ್ಚಿದವು.

ಮನ್ರೋ ಅವರು 1826ರಲ್ಲಿ ಜಿಲ್ಲೆಗೂ ತಾಲ್ಲೂಕಿಗೂ ಸರ್ಕಾರಿ ಶಾಲೆಗಳನ್ನು ಸೂಚಿಸಿದರು, ಮರುವರ್ಷವೇ ತೀರಿಕೊಂಡರು. ತೆರೆದ ಆ ಶಾಲೆಗಳೂ ಹತ್ತು ವರ್ಷದೊಳಗೆ ಮುಚ್ಚಿದವು. 1854ರ ವುಡ್ಡರ ಆಜ್ಞಾಪತ್ರದ ಅನಂತರ ಇಲಾಖೆ ಬಂತು, ಸಂಬಳದ ಉಪಾಧ್ಯಾಯರು ಬಂದರು, ಇನ್ಸ್‌ಪೆಕ್ಟರು ಬಂದರು. ಪರೀಕ್ಷೆ ಅಂಗಳದಿಂದ ಕೊಠಡಿಗೆ ಹೋಯಿತು, ಮಹಾನವಮಿ ರಜೆಯಾಯಿತು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. 2010ರ ಏಪ್ರಿಲ್‌ನಿಂದ ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣ ಹಕ್ಕಾಗಿದೆ. ಮಗುವನ್ನು ಹೊಡೆಯುವುದು ಕಾನೂನಿಗೆ ವಿರುದ್ಧವಾಗಿದೆ. ಅರವತ್ತು ಹುಡುಗಿಯರ ಆ ಜಿಲ್ಲೆಯಿಂದ ಇಲ್ಲಿಗೆ ಬಂದದ್ದು ಸಣ್ಣ ದಾರಿಯಲ್ಲ. ಉಪಾಧ್ಯಾಯರು ಕೈಯೊಡ್ಡಬೇಕಾದ ದಿನ ಮತ್ತೆ ಬರಬೇಕೆಂದು ಯಾರೂ ಬಯಸಬೇಕಾಗಿಲ್ಲ.

ಆದರೆ ಒಂದು ವಿಷಯವನ್ನು ನೀವೂ ಯೋಚಿಸಿ ನೋಡಿ. ಸಂಬಳ ಸರ್ಕಾರದಿಂದ ಬಂದ ಮೇಲೆ, ಮಗು ಏನು ಕಲಿತಿದೆ ಎಂದು ಕೇಳುವ ಹೊಣೆಯನ್ನೂ ನಾವು ಸರ್ಕಾರಕ್ಕೆ ಬಿಟ್ಟುಬಿಟ್ಟೆವು. ಅಂಕಪಟ್ಟಿಗೆ ರುಜು ಹಾಕಿದರೆ ತಂದೆತಾಯಿಯ ಕೆಲಸ ತೀರಿತೆಂದುಕೊಂಡೆವು. ಅಂದಿನ ಮನೆಯವರು ಐಗಳಿಗೆ ಕೊಟ್ಟದ್ದು ಒಂದು ಸೇರು ಜೋಳವಿರಬಹುದು. ಅದರ ಜೊತೆಗೆ ಮಗುವಿನ ಮುಂದೆ ಕುಳಿತು ಅದರ ಪಾಠವನ್ನು ಕಿವಿಗೊಟ್ಟು ಕೇಳುತ್ತಿದ್ದರು. ಕಾನೂನು ಶಾಲೆಯನ್ನು ಕೊಡಬಲ್ಲುದು, ಪುಸ್ತಕವನ್ನು ಕೊಡಬಲ್ಲುದು. ಹೀಗೆ ಕೇಳುವ ಕಿವಿಯನ್ನು ಮನೆಯೇ ಕೊಡಬೇಕು. ಈ ದಸರೆಯ ರಜೆಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ಮತ್ತೆ ತೆಗೆದಾಗ, ನಿಮ್ಮ ಮನೆಯ ಮಗನನ್ನೂ ಮಗಳನ್ನೂ ಹತ್ತಿರ ಕೂರಿಸಿಕೊಂಡು, ಈ ವರ್ಷ ಕಲಿತದ್ದರಲ್ಲಿ ಇಷ್ಟವಾದದ್ದನ್ನು ಒಂದಿಷ್ಟು ಹೇಳೆಂದು ಕೇಳಿ. ಅರ್ಥವನ್ನೂ ಕೇಳಿ. ಹೇಳಿದ ಮೇಲೆ ಪುಟಾಣಿ ಬೆಲ್ಲ ಕೊಡುವುದನ್ನು ಮರೆಯಬೇಡಿ.